ಕೊಡು ಎನ್ನಬಾರದ ಊರು

ಆ ಊರು ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ. ದಾರಿ ಅಂತ ಒಂದಿತ್ತು, ನೋಡಿಕೊಳ್ಳುವವರಿಲ್ಲದೆ ಮುಳ್ಳು ಬೆಳೆದು ಮುಚ್ಚಿಹೋಯಿತು. ಹೋಗಿ ಬಂದವರ ಬಾಯಿಂದ ಕೇಳಿದ್ದನ್ನು ಹೇಳುತ್ತೇನೆ. ನಲವತ್ತು ಮನೆ, ಮುಂದೊಂದು ಹೊಳೆ, ಒಂದೇ ಒಂದು ಕಟ್ಟಳೆ. ಆ ಊರಲ್ಲಿ ಯಾರೂ ಯಾರಿಗೂ 'ಕೊಡು' ಅನ್ನಬಾರದು.

ಕೊಡಬಾರದು ಅಂತಲ್ಲ, ತಪ್ಪು ತಿಳಿಯಬೇಡಿ. ಧಾರಾಳವಾಗಿ ಕೊಡಬಹುದು, ಮನಸ್ಸು ಬಂದರೆ ಮನೆಯನ್ನೇ ಎತ್ತಿ ಕೊಡಬಹುದು. ಕೇಳಬಾರದು, ಅಷ್ಟೆ. ಏನಾದರೂ ಬೇಕಾದವರು ಇನ್ನೊಬ್ಬರ ಹೊಸ್ತಿಲ ಮುಂದೆ ಹೋಗಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತು, ತಮ್ಮ ಕಷ್ಟವನ್ನು ಸುದ್ದಿಯ ಹಾಗೆ ಹೇಳಬೇಕು. ಮನೆಯವರು 'ಕೇಳಿಸಿಕೊಂಡೆ' ಅನ್ನಬೇಕು. ಆಮೇಲಿನದು ಅವರ ಖುಷಿ. ಹಾಲು ಹಲ್ಲು ಬೀಳದ ಮಕ್ಕಳು ಕೂಡ ಅಡುಗೆಮನೆ ಬಾಗಿಲಲ್ಲಿ ಕೈ ಹಿಂದೆ ಕಟ್ಟಿಕೊಂಡು, 'ಅಮ್ಮಾ, ಯಾರಿಗೋ ಹೊಟ್ಟೆ ಹಸಿದಿದೆಯಂತೆ' ಅನ್ನುತ್ತಿದ್ದವು. ಅಪ್ಪಿತಪ್ಪಿ ಕೈ ಮುಂದಕ್ಕೆ ಚಾಚಿದವನಿಗೆ ಒಂದು ಬೈಗುಳವಿತ್ತು. ಅದಕ್ಕಿಂತ ಹೊಲಸು ಬೈಗುಳ ಆ ಊರಿನ ಬಾಯಲ್ಲಿ ಇನ್ನೊಂದಿರಲಿಲ್ಲ: ತೆರಿಗೆಯವನು.

ಮೊದಲು ಹೀಗಿರಲಿಲ್ಲ. ಅಮಾವಾಸ್ಯೆಗೊಮ್ಮೆ ಪ್ರತಿ ಮನೆಯವರೂ ಒಂದು ಬಳ್ಳ ರಾಗಿಯನ್ನು ಊರ ಕಣಜಕ್ಕೆ ತಂದು ಸುರಿಯಬೇಕಿತ್ತು. ಆ ರಾಗಿ ಉಂಡು ಒಬ್ಬ ಬಾವಿಯ ಹೂಳು ತೆಗೆಯುತ್ತಿದ್ದ, ಒಬ್ಬ ಬೀದಿಗೆ ದೀಪ ಹಚ್ಚುತ್ತಿದ್ದ, ಒಬ್ಬಳು ಹೆರಿಗೆ ಮಾಡಿಸುತ್ತಿದ್ದಳು, ಇನ್ನೊಬ್ಬ ಹೊಳೆಯ ಹಗ್ಗ ಕಾಯುತ್ತಿದ್ದ. ಹೊಳೆ ಅಂದರೆ ಅಂಥಿಂಥ ಹೊಳೆಯಲ್ಲ. ಹುಟ್ಟು ಹಾಕಿ ದಾಟಿದವರು ಯಾರೂ ಇಲ್ಲ. ಈ ದಡದಿಂದ ಆ ದಡಕ್ಕೆ ಬಿಗಿದ ಹಗ್ಗವನ್ನು ಹಿಡಿಹಿಡಿದು ಹರಿಗೋಲನ್ನು ಎಳೆದುಕೊಂಡೇ ಹೋಗಬೇಕು. ಹಗ್ಗ ಬಿಟ್ಟರೆ ಹರಿಗೋಲು ಬುಗುರಿಯ ಹಾಗೆ ಸುತ್ತಿ ಬಂಡೆಗೆ ಬಡಿಯುತ್ತದೆ, ಒಳಗಿದ್ದವರ ಕಥೆ ಮುಗಿಯುತ್ತದೆ.

ಒಂದು ಅಮಾವಾಸ್ಯೆ, ಕಣಜದ ಮುಂದಿನ ಸಾಲಿನಲ್ಲಿ ಬುಟ್ಟಿ ಹೆಣೆಯುವವನು ನಿಂತಿದ್ದ. ಆಗಷ್ಟೇ ಮೀಸೆ ದಪ್ಪವಾಗಿತ್ತು, ಮಾತು ಅದಕ್ಕಿಂತ ದಪ್ಪ. ಬಳ್ಳವನ್ನು ನೆಲದ ಮೇಲೆ ಕುಕ್ಕಿದ.

"ನಾನು ಹೊಳೆ ದಾಟೋದೇ ಇಲ್ಲ. ಹಗ್ಗಕ್ಕೆ ನಾನ್ಯಾಕೆ ರಾಗಿ ಹಾಕ್ಬೇಕು?"

ಅಬ್ಬಾ, ಎಂಥಾ ಪ್ರಶ್ನೆ! ಇಷ್ಟು ವರ್ಷ ಯಾರ ತಲೆಗೂ ಹೊಳೆದಿರಲಿಲ್ಲ. ಅವನ ಹಿಂದಿದ್ದವನು ಹೇಳಿದ, ನಾನು ಹೊತ್ತು ಮುಳುಗುತ್ತಲೇ ಮಲಗುವವನು, ನನಗ್ಯಾಕೆ ಬೀದಿ ದೀಪ? ಅವನ ಹಿಂದಿದ್ದ ಮುದುಕ ಹೇಳಿದ, ನನ್ನ ಹೆಂಡತಿಗೆ ಹೆರುವ ವಯಸ್ಸು ದಾಟಿದೆ, ನನಗ್ಯಾಕೆ ಸೂಲಗಿತ್ತಿ? ಸಂಜೆಯೊಳಗೆ ಎಲ್ಲರೂ ತಮ್ಮ ತಮ್ಮ ರಾಗಿ ಹೊತ್ತು ಮನೆಗೆ ಹೋದರು. ಮಾರನೆಯ ದಿನ ಊರ ಸೊತ್ತನ್ನೆಲ್ಲ ಪಾಲು ಮಾಡಿದರು. ಹೊಳೆಯ ಹಗ್ಗವನ್ನು ಎಳೆದು ತಂದು, ಅಳೆದು, ನಲವತ್ತು ಸಮ ತುಂಡು ಮಾಡಿದರು. ಕತ್ತರಿಸಿದ್ದು ಬುಟ್ಟಿಯವನೇ, ಬಿದಿರು ಸೀಳುವ ತನ್ನದೇ ಕತ್ತಿಯಿಂದ. ಒಂದೊಂದು ತುಂಡು ಬಿದ್ದಾಗಲೂ ಜನ ಕೇಕೆ ಹಾಕಿದರು. 'ಕೊಡು' ಎಂಬ ಮಾತನ್ನು ಇನ್ನು ಈ ಊರಲ್ಲಿ ಯಾರೂ ಆಡಕೂಡದು ಅಂತ ಕೂಗಿದವನೂ ಅವನೇ. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ಸುತ್ತಿಸಿದರು. ಆ ದಿನದ ಸುಖವನ್ನು ಅವನು ಇಪ್ಪತ್ತು ವರ್ಷ ಚಪ್ಪರಿಸಿದ.

ಹಗ್ಗ ಕತ್ತರಿಸುವ ಹಿಂದಿನ ದಿನವೇ ಸೂಲಗಿತ್ತಿ ಗಂಟುಮೂಟೆ ಕಟ್ಟಿಕೊಂಡು ಆ ದಡಕ್ಕೆ ಹೋದಳು. ಆ ದಡದವರು ಇನ್ನೂ ಹಳೇ ಕಾಲದ ಜನ, ಪಾಪ, ಕಣಜಕ್ಕೆ ಪಾಲು ಹಾಕುತ್ತಿದ್ದರು. ಅದೇ ಹರಿಗೋಲಿನಲ್ಲಿ ದೀಪದವನು ಹೋದ, ಬಾವಿಯವನು ಹೋದ, ಹರಿಗೋಲು ಅಲ್ಲೇ ಉಳಿಯಿತು. ಊರಿಗೇನೂ ಆಗಲಿಲ್ಲ. ಬೀದಿಯಲ್ಲಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡು ನಡೆದರು. ಯಾರ ಹಂಗಿನ ಬೆಳಕೂ ಅಲ್ಲ, ಸ್ವಂತ ಕತ್ತಲೆ. ಬಾವಿ ಕೆಸರಾಯಿತು, ಕೆಸರನ್ನು ಬಟ್ಟೆಯಲ್ಲಿ ಸೋಸಿ ಕುಡಿದರು. ಬಟ್ಟೆಯೂ ಸ್ವಂತದ್ದೇ. ಹೆರಿಗೆಗಳು ಹೇಗೋ ಆದವು. ಉಳಿದವರು ಉಳಿದರು, ಉಳಿಯದವರು ದೂರು ಹೇಳಲಿಲ್ಲ.

ಹೀಗಿರಲು ಬುಟ್ಟಿಯವನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವನ ಸಂಭ್ರಮ ಕೇಳಬೇಕೇ! ಎಳೇ ಬಿದಿರು ಸೀಳಿ, ತೊಟ್ಟಿಲು ಹೆಣೆದು, ತನ್ನ ಪಾಲಿನ ಹಗ್ಗದಿಂದ ಅದನ್ನು ತೊಲೆಗೆ ತೂಗುಹಾಕಿದ. ಬರಿ ತೊಟ್ಟಿಲನ್ನೇ ದಿನಕ್ಕೆ ಹತ್ತು ಸಲ ತೂಗಿ ನೋಡಿದ. ಹೆಂಡತಿ, "ಬರೀ ತೊಟ್ಲು ತೂಗ್ಬಾರ್ದು ಕಣ್ರೀ" ಅಂತ ಗದರಿದರೂ ಕೇಳಲಿಲ್ಲ.

ಒಂದು ಮುಂಜಾನೆ ನೋವು ಶುರುವಾಯಿತು. ಹೊತ್ತು ಒಂದಾಳು ಮೇಲೇರುವಷ್ಟರಲ್ಲಿ ಹೆಂಡತಿ ಒಳಕೋಣೆಯಿಂದ ಹೊರಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಕೂಸು ಇಳೀತಿಲ್ಲ. ನನ್ನ ಕೈಲಾಗೋದಲ್ಲ ಇದು. ಆ ದಡದಿಂದ ಸೂಲಗಿತ್ತೀನ ಕರ್ಕೊಂಡ್ಬನ್ನಿ, ಹೊತ್ತು ಇಳಿಯೋದ್ರೊಳಗೆ. ಓಡಿ!"

ಬುಟ್ಟಿಯವನು ತೊಟ್ಟಿಲು ಬಿಚ್ಚಿ ನೆಲಕ್ಕಿಳಿಸಿದ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಬೇಸಿಗೆ. ಹೊಳೆ ಸಣ್ಣದಾಗಿತ್ತು, ಮೂವತ್ತು ತುಂಡು ಗಂಟು ಹಾಕಿದರೆ ಆ ದಡ ಮುಟ್ಟುತ್ತಿತ್ತು. ತುದಿಗೊಂದು ಸೋರೆಬುರುಡೆ ಕಟ್ಟಿ ಮೇಲಿನ ತಿರುವಿನಲ್ಲಿ ಬಿಟ್ಟರೆ ನೀರೇ ಅದನ್ನು ಆಚೆ ದಡಕ್ಕೆ ಒಯ್ದು ಕೊಡುತ್ತಿತ್ತು. ಅವನು ದಡದಲ್ಲಿ ನಿಂತು ಕೂಗಿದ. ಆಚೆ ದಡದಲ್ಲಿ ಸೂಲಗಿತ್ತಿ ಕೇಳಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿನ ಅಂಚಿಗೆ ಬಂದು ನಿಂತಳು. ಬರುತ್ತೇನೆ ಅಂತ ಕೈ ಎತ್ತಿದಳು. ಇನ್ನು ಬೇಕಾದ್ದು ಇಪ್ಪತ್ತೊಂಬತ್ತು ಹಗ್ಗ ಮಾತ್ರ.

ಮೊದಲು ಹೋದದ್ದು ದೊಡ್ಡ ಜಗಲಿಯವರ ಮನೆಗೆ. ಅವರು ಊರಿಗೆ ಯಜಮಾನರಲ್ಲ, ಯಜಮಾನರೇ ಇಲ್ಲದ ಊರು ಅದು. ಆದರೆ ಎಲ್ಲಿ ನಾಲ್ಕು ಕುರ್ಚಿ ಹಾಕಿದರೂ ನಡುವಿನದು ಅವರದಾಗಿರುತ್ತಿತ್ತು. ತಮ್ಮ ಪಾಲಿನ ಹಗ್ಗದಿಂದ ಜಗಲಿಯಲ್ಲಿ ಉಯ್ಯಾಲೆ ಕಟ್ಟಿಸಿಕೊಂಡು ತೂಗಿಕೊಳ್ಳುತ್ತಿದ್ದರು. ಬುಟ್ಟಿಯವನು ಹೊಸ್ತಿಲ ಮುಂದೆ ಕೈ ಹಿಂದೆ ಕಟ್ಟಿ ನಿಂತ. ಏದುಸಿರು ಬರುತ್ತಿತ್ತು.

"ಯಜಮಾನ್ರೇ, ಒಂದು ಸುದ್ದಿ. ನನ್ನ ಮಗಳಿಗೆ ನೋವು ಬಂದಿದೆ, ಕೂಸು ಇಳೀತಿಲ್ಲ. ಸೂಲಗಿತ್ತಿ ಆ ದಡದಲ್ಲಿದ್ದಾಳೆ, ಹಗ್ಗ ಈ ದಡದಲ್ಲಿದೆ."

"ಕೇಳಿಸಿಕೊಂಡೆ ಕಣಯ್ಯಾ," ಅಂದರು ಅವರು, ಉಯ್ಯಾಲೆ ನಿಲ್ಲಿಸಿ. ನಿಲ್ಲಿಸಿದ್ದು ಸಣ್ಣ ಮರ್ಯಾದೆಯಲ್ಲ. "ಕರುಳು ಹಿಂಡಿದ ಹಾಗಾಯ್ತು. ಇಂಥಾ ಹೊತ್ತಲ್ಲೂ ನೀನು ಕೈ ಹಿಂದೆ ಕಟ್ಟಿ ನಿಂತಿದ್ದೀಯಲ್ಲ, ಭೇಷ್! ನೀನಯ್ಯಾ ಮನುಷ್ಯ."

ಭೇಷ್ ಅನಿಸಿಕೊಂಡು ಬುಟ್ಟಿಯವನು ಮುಂದಿನ ಮನೆಗೆ ಓಡಿದ. ಹಪ್ಪಳದಜ್ಜಿ ತನ್ನ ಹಗ್ಗದ ಮೇಲೆ ಒದ್ದೆ ಸೀರೆ ಹರವುತ್ತಿದ್ದಳು. "ಕೇಳಿಸ್ಕೊಂಡೆ ಕಣಪ್ಪಾ. ಸೀರೆ ಒಣಗ್ಲಿ, ನೋಡೋಣ," ಅಂದಳು. ಎಮ್ಮೆಯವನ ಹಗ್ಗ ಎಮ್ಮೆಯ ಕೊರಳಲ್ಲಿತ್ತು. ಎಮ್ಮೆಯನ್ನು ಕೇಳಬೇಕು, ಅದರ ಮೇಲೆ ಬಲವಂತ ಮಾಡುವುದು ಸರಿಯಲ್ಲ ಅಂದ. ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕಣ್ಣೀರು ಹಾಕಿದರು. ಎಷ್ಟು ಹೊತ್ತು ಅತ್ತರೆಂದರೆ ಬುಟ್ಟಿಯವನೇ ಅವರನ್ನು ಸಮಾಧಾನ ಮಾಡಿ ಬರಬೇಕಾಯಿತು.

ಮನೆ ಮನೆ ಮನೆ. ಹೊಸ್ತಿಲು, ಬೆನ್ನ ಹಿಂದಿನ ಕೈ, ಸುದ್ದಿ, ಕೇಳಿಸಿಕೊಂಡೆ. ಹೊಸ್ತಿಲು, ಬೆನ್ನ ಹಿಂದಿನ ಕೈ, ಸುದ್ದಿ, ಕೇಳಿಸಿಕೊಂಡೆ. ಕೊನೆಯ ಮನೆ ಮುಗಿಯುವಾಗ ಅವನ ನೆರಳು ಕಾಲಡಿಗೆ ಬಂದಿತ್ತು, ಗಂಟಲು ಒಣಗಿ ಸುದ್ದಿಯೇ ಹೊರಡುತ್ತಿರಲಿಲ್ಲ.

ಆದರೂ ಆ ಊರವರನ್ನು ಕೆಟ್ಟವರು ಅಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಒಳ್ಳೆಯವರು, ತುಂಬಾ ಒಳ್ಳೆಯವರು. ಊಟ ಮುಗಿಸಿ, ಒಂದು ಎಲೆ ಅಡಿಕೆ ಹಾಕಿಕೊಂಡು, ಒಬ್ಬೊಬ್ಬರಾಗಿ ತಮ್ಮ ತಮ್ಮ ಹಗ್ಗ ಹೊತ್ತು ಹೊಳೆಯ ಕಡೆ ಬಂದರು. ಉಯ್ಯಾಲೆ ಬಿಚ್ಚಿಸಿ ದೊಡ್ಡ ಜಗಲಿಯವರೂ ಬಂದರು. ಎಮ್ಮೆ ಕೂಡ ಒಪ್ಪಿತ್ತಂತೆ. ಮೂವತ್ತಾರು ಹಗ್ಗ ದಡಕ್ಕೆ ಬಂದವು, ಬೇಕಾದ್ದಕ್ಕಿಂತ ಹೆಚ್ಚೇ. ಬುಟ್ಟಿಯವನ ಕಣ್ಣಲ್ಲಿ ನೀರು ಬಂತು. ನಮ್ಮ ಜನ, ನಮ್ಮ ಜನ ಅಂತ ಮನಸ್ಸಿನಲ್ಲೇ ಅಂದುಕೊಂಡ. ಆಚೆ ದಡದಲ್ಲಿ ಸೂಲಗಿತ್ತಿ ಇನ್ನೂ ನಿಂತೇ ಇದ್ದಳು.

ತನ್ನ ಹಗ್ಗವನ್ನು ದಡದ ಗೂಟಕ್ಕೆ ಸುತ್ತಿ, ಅದರ ತುದಿ ಹಿಡಿದು ತಿರುಗಿದ. ಇದಕ್ಕೆ ಇನ್ನೊಂದನ್ನು ಗಂಟು ಹಾಕಬೇಕು. ಆಗ ಎಮ್ಮೆಯವನು ಕೆಮ್ಮಿದ.

"ಒಂದು ಸುದ್ದಿ. ನೀರಲ್ಲಿ ನೆನೆದ್ರೆ ಹಗ್ಗ ಕೊಳೆಯುತ್ತೆ. ದಡದ ಮೇಲಿರೋ ಹಗ್ಗ ಮಾತ್ರ ನೆನೆಯಲ್ಲ."

"ಕೇಳಿಸಿಕೊಂಡೆ," ಅಂದ ಪಕ್ಕದವನು. "ನನ್ನದೂ ಒಂದು ಸುದ್ದಿ. ನನ್ನ ಹಗ್ಗವೂ ನೆನೆದ್ರೆ ಕೊಳೆಯುವಂಥದ್ದೇ."

"ಗಂಟಿಗೆ ಎರಡೂ ಕಡೆಯಿಂದ ಒಂದೊಂದು ಗೇಣು ಹೋಗುತ್ತೆ ಅಂತ ಸುದ್ದಿ," ಅಂದ ಮತ್ತೊಬ್ಬ.

ನೋಡಿ, ಎಲ್ಲರೂ ಹಗ್ಗ ಕೊಡಲು ಸಿದ್ಧವಾಗಿದ್ದರು, ಖುಷಿಯಿಂದ. ಆದರೆ ಎಲ್ಲರಿಗೂ ದಡದ ತುದಿಯೇ ಬೇಕು, ನಡು ನೀರು ಯಾರಿಗೂ ಬೇಡ. ನಿನ್ನದನ್ನು ನಡುವಿಗೆ ಕೊಡು ಅಂತ ಯಾರೂ ಯಾರಿಗೂ ಹೇಳುವಂತಿಲ್ಲ, ಕಟ್ಟಳೆ ಕಟ್ಟಳೆಯೇ. ಮೂವತ್ತಾರು ಜನ ಹಗ್ಗದ ಸುರುಳಿಯನ್ನು ಬೆನ್ನ ಹಿಂದೆ ಹಿಡಿದು, ವೃತ್ತವಾಗಿ ನಿಂತು, ಒಬ್ಬರಿಗೊಬ್ಬರು ವಿನಯದಿಂದ ಸುದ್ದಿ ಹೇಳಿಕೊಂಡರು. ವಿನಯದಿಂದ ಕೇಳಿಸಿಕೊಂಡರು. ದೊಡ್ಡ ಜಗಲಿಯವರು ಒಂದು ಕಲ್ಲಿನ ಮೇಲೆ ಕೂತು, "ಅವಸರ ಬೇಡ, ಎಲ್ಲಾ ಅವರವರ ಮನಸ್ಸಿಗೆ ಬಂದ ಹಾಗೆ ಆಗ್ಲಿ," ಅಂದರು.

ಬುಟ್ಟಿಯವನು ವೃತ್ತದ ನಡುವೆ ನಿಂತಿದ್ದ. ಆಚೆ ದಡದಿಂದ ಸೂಲಗಿತ್ತಿ ಏನೋ ಕೂಗುತ್ತಿದ್ದಳು, ಹೊಳೆಯ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಅವನ ಗಂಟಲಿಗೆ ಒಂದು ಮಾತು ಬಂದು ಕೂತಿತು. ಕೊಡ್ರಯ್ಯಾ. ಅಷ್ಟೇ ಮಾತು. ಬಾಯಿ ತೆರೆದ. ಎಲ್ಲರೂ ಅವನ ಬಾಯನ್ನೇ ನೋಡಿದರು. ಹೆಗಲ ಮೇಲೆ ಹೊತ್ತು ಮೆರೆಸಿದ ಜನ ಇವರು, ಅಂದು ಕೂಗಿದ ಬಾಯಿ ಇದು. ನಾಚಿಕೆ ಅನ್ನುವುದು ನೋವಿಗಿಂತ ಗಟ್ಟಿ ಕಣ್ರೀ, ಅದು ಎಂಥವನನ್ನೂ ಹಿಡಿದು ನಿಲ್ಲಿಸುತ್ತದೆ. ಅವನು ಬಾಯಿ ಮುಚ್ಚಿಕೊಂಡ. ಕೈಯನ್ನು ಬೆನ್ನ ಹಿಂದೆ ಇನ್ನೂ ಬಿಗಿಯಾಗಿ ಕಟ್ಟಿಕೊಂಡು, ಸುದ್ದಿಯನ್ನು ಇನ್ನೊಮ್ಮೆ ಹೇಳಿದ.

"ಕೇಳಿಸಿಕೊಂಡೆವು," ಅಂದರು ಮೂವತ್ತಾರು ಜನ.

ಬಿಸಿಲು ಹಳದಿಗೆ ತಿರುಗುವಾಗ ಹೆಂಡತಿ ಬಂದಳು. ಓಡಿ ಬರಲಿಲ್ಲ, ನಡೆದು ಬಂದಳು. ಅದನ್ನು ನೋಡಿಯೇ ಅವನಿಗೆ ಗೊತ್ತಾಯಿತು.

"ಕರುಳುಬಳ್ಳಿ ಕೊರಳಿಗೆ ಸುತ್ಕೊಂಡಿತ್ತು," ಅಂದಳು. "ಬಿಡ್ಸೋಕೆ ನನಗೆ ಬರ್ಲಿಲ್ಲ. ಗಂಡು ಕೂಸು. ಮಗಳು ಉಳ್ಕೊಂಡಿದ್ದಾಳೆ." ಆಮೇಲೆ ವೃತ್ತವಾಗಿ ನಿಂತವರನ್ನೂ ಅವರ ಬೆನ್ನ ಹಿಂದಿನ ಸುರುಳಿಗಳನ್ನೂ ನೋಡಿದಳು. ಗಂಡನ ಕಡೆ ತಿರುಗಿದಳು. "ಇಷ್ಟು ಹಗ್ಗ ಇತ್ತಲ್ಲ ಇಲ್ಲಿ. ಕೇಳೋಕೆ ಆಗ್ಲಿಲ್ವಾ ನಿಮಗೆ?"

ಜನ ತಲೆ ತಗ್ಗಿಸಿ, ಒಬ್ಬೊಬ್ಬರಾಗಿ, ಒಣ ಹಗ್ಗ ಹೊತ್ತು ಮನೆಗೆ ಹೋದರು. ಸೂಲಗಿತ್ತಿ ಸೊಂಟದ ಸೆರಗು ಬಿಚ್ಚಿ ಹೊದ್ದುಕೊಂಡು ಹಿಂದಿರುಗಿದಳು.

ಊರಿಗೆ ದುಃಖವಾಯಿತು. ಸುಳ್ಳಲ್ಲ, ನಿಜವಾಗಿಯೇ ಆಯಿತು. ಮೂರನೆಯ ದಿನ ಸಂತಾಪ ಸಭೆ ಮಾಡುವುದೆಂದು ಎಲ್ಲರಿಗೂ ತಾನಾಗಿಯೇ ಅನಿಸಿತು. ಹೊಳೆಯ ದಂಡೆಯ ಬಯಲಿನಲ್ಲಿ ಬಿಸಿಲು ಸುಡುತ್ತದಲ್ಲ, ದುಃಖ ಪಡುವವರಿಗೆ ನೆರಳು ಬೇಡವೇ? ಬಟ್ಟೆಗೆ ಬಟ್ಟೆ ಹೊಲಿದು ದೊಡ್ಡ ಚಪ್ಪರ ಎತ್ತಿದರು. ಚಪ್ಪರಕ್ಕೆ ಹಗ್ಗ ಬೇಕು. ಯಾರೂ ಸುದ್ದಿ ಹೇಳಲಿಲ್ಲ, ಯಾರೂ ಹೊಸ್ತಿಲು ಹತ್ತಲಿಲ್ಲ, ಹೊತ್ತು ಏರುವ ಮೊದಲೇ ಮೂವತ್ತೊಂಬತ್ತು ಹಗ್ಗ ಬಂದು ಬಿದ್ದವು! ಹಪ್ಪಳದಜ್ಜಿ ಒದ್ದೆ ಸೀರೆಯನ್ನು ಬೇಲಿಯ ಮೇಲೆ ಹಾಕಿ ಬಂದಿದ್ದಳು. ಒಂದಕ್ಕೊಂದು ಗಂಟು ಹಾಕಿದರು, ಎಂಥಾ ಗಂಟು ಅಂತೀರಿ, ಆನೆ ಎಳೆದರೂ ಬಿಚ್ಚದಂಥದ್ದು. ಗೇಣಿನ ಮಾತನ್ನು ಯಾರೂ ಎತ್ತಲಿಲ್ಲ.

ನಲವತ್ತನೆಯದಕ್ಕೆ ದೊಡ್ಡ ಜಗಲಿಯವರೇ ಬುಟ್ಟಿಯವನ ಮನೆಗೆ ಬಂದರು. ಕೈ ಬೆನ್ನ ಹಿಂದೆ ಕಟ್ಟಿ ನಿಂತು, ಒಳಗೆ ಇಣುಕಿದರು. ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ತೊಟ್ಟಿಲು ನೆಲದ ಮೇಲಿತ್ತು.

"ಒಂದು ಸುದ್ದಿ ಕಣಯ್ಯಾ. ನಡುಗಂಬಕ್ಕೆ ಒಂದು ಹಗ್ಗ ಕಡಿಮೆ ಬಿದ್ದಿದೆ. ನಿನ್ನದು ಈಗ ಹೇಗೂ ಖಾಲಿ ಇದೆಯಲ್ಲ."

ಬುಟ್ಟಿಯವನು ಹಗ್ಗ ತಂದು ಅವರ ಕೈಗಿಟ್ಟ. ಅಷ್ಟು ಹೊತ್ತಿಗೆ ಅವನಿಗೆ ಏನೂ ಅನಿಸುತ್ತಿರಲಿಲ್ಲ.

ಸಭೆ ಜೋರಾಗಿತ್ತು. ಬುಟ್ಟಿಯವನನ್ನು ನಡುಗಂಬದ ಪಕ್ಕ ಕೂರಿಸಿ ಶಾಲು ಹೊದಿಸಿದರು, ಆ ಸೆಕೆಯಲ್ಲಿ. ದೊಡ್ಡ ಜಗಲಿಯವರು ಎದ್ದು ನಿಂತರು.

"ಮಹನೀಯರೇ, ನಮ್ಮ ಕಟ್ಟಳೆಗೆ ಮೊನ್ನೆ ಪರೀಕ್ಷೆ ಬಂತು. ನಾವು ಗೆದ್ದೆವು. ಯಾರ ಮೇಲಾದರೂ ಬಲವಂತ ಆಯಿತೇ? ಯಾರಾದರೂ ಕೈ ಚಾಚಿದರೇ? ಇಲ್ಲ! ಆ ಕಂದ ಯಾರ ಹಂಗೂ ಇಲ್ಲದೆ ಬಂತು, ಯಾರ ಹಂಗೂ ಇಲ್ಲದೆ ಹೋಯಿತು. ಅಂಥಾ ಸ್ವತಂತ್ರ ಜೀವ ಈ ಊರಲ್ಲಿ ಇನ್ನೊಂದು ಹುಟ್ಟಿಲ್ಲ."

ಜನ ಕಣ್ಣೊರೆಸಿಕೊಂಡರು. ಕೆಲವರು ಚಪ್ಪಾಳೆ ತಟ್ಟಿ, ಸಂತಾಪ ಸಭೆ ಅಂತ ನೆನಪಾಗಿ ನಿಲ್ಲಿಸಿದರು.

ಬುಟ್ಟಿಯವನು ತಲೆ ಎತ್ತಿ ನೋಡಿದ. ಮೇಲೆ ನಲವತ್ತು ಹಗ್ಗಗಳೂ ಒಂದನ್ನೊಂದು ಹಿಡಿದುಕೊಂಡಿದ್ದವು, ಅತ್ತಿಂದಿತ್ತ, ಇತ್ತಿಂದತ್ತ. ಆ ದಡ ಮುಟ್ಟಿ ಮಿಗುತ್ತಿತ್ತು. ಇವರಿಗೆ ಗಂಟು ಹಾಕಲು ಬರುತ್ತದೆ, ನಡುವೆ ಇರಲೂ ಬರುತ್ತದೆ. ಅವನಿಗೆ ಕೋಪ ಬಂತು, ಮೂರು ದಿನ ತಡವಾಗಿ ಬಂದ ಕೋಪ, ಅರ್ಧ ಅವರ ಮೇಲೆ, ಅರ್ಧಕ್ಕಿಂತ ಹೆಚ್ಚು ತನ್ನ ಮೇಲೆ.

ಶಾಲು ಕಳಚಿ ಎದ್ದ. ನಡುಗಂಬದ ಗಂಟಿಗೆ ಕೈ ಹಾಕಿದ.

"ಏನಯ್ಯಾ ಅದು? ಏನ್ಮಾಡ್ತಿದ್ದೀಯಾ?"

"ನನ್ನ ಹಗ್ಗ. ಒಯ್ತಿದ್ದೀನಿ."

ಯಾರು ಏನು ಅಂದಾರು? ಅವನ ಹಗ್ಗ, ಅವನ ಖುಷಿ. ಬಿಡು ಅಂದರೆ ಕೇಳಿದ ಹಾಗಾಗುತ್ತದೆ. ಊರಿಗೆ ಊರೇ ಶಿಸ್ತಾಗಿ ಕೂತು, ಗಂಟಿನ ಒಂದೊಂದು ಸುತ್ತು ಬಿಚ್ಚುವುದನ್ನೂ ನೋಡಿತು. ಎಮ್ಮೆಯವನು ಮಾತ್ರ, "ಚಪ್ಪರ ಬೀಳುತ್ತೆ ಅಂತ ಒಂದು ಸುದ್ದಿ," ಅಂದ. ಬುಟ್ಟಿಯವನು ತಿರುಗಿಯೂ ನೋಡಲಿಲ್ಲ. ಕೊನೆಯ ಸುತ್ತು ಬಿಚ್ಚಿತು. ನಡುಗಂಬ ವಾಲಿತು, ಬಟ್ಟೆ ಉಬ್ಬಿತು, ಇಳಿಯಿತು, ಊರಿನ ತಲೆಯ ಮೇಲೆ ಧಸಕ್ಕೆಂದು ಕೂತಿತು. ಒಳಗಿನಿಂದ ಕೂಗು, ಕೆಮ್ಮು, ಯಾರದೋ ಮೊಣಕೈ ಯಾರದೋ ಮೂಗಿಗೆ.

ಅವನು ಹೊಳೆಯ ಅಂಚಿಗೆ ಹೋಗಿ ಹಗ್ಗವನ್ನು ಗೂಟಕ್ಕೆ ಬಿಗಿದು ಕಟ್ಟಿದ. ದೊಡ್ಡ ಜಗಲಿಯವರು ಹೇಗೋ ತೆವಳಿ ಹೊರಗೆ ಬಂದರು. ಪೇಟ ಬಿಚ್ಚಿಹೋಗಿತ್ತು. ತಮ್ಮ ಹಗ್ಗವನ್ನು ಮಾತ್ರ ಆ ಗಲಾಟೆಯಲ್ಲೂ ಬಿಚ್ಚಿ ತಂದಿದ್ದರು.

"ಇಲ್ಲಿ ಕಟ್ಟಿ ಹೋದ್ರೆ ಯಾರು ಬೇಕಾದ್ರೂ ಹಿಡೀತಾರೆ ಕಣಯ್ಯಾ. ಅದು ನಿನ್ನದಾಗಿ ಉಳಿಯುತ್ತಾ?"

"ಹಿಡೀಲಿ." ಬುಟ್ಟಿಯವನು ಅವರ ಮುಂದೆ ಬಂದು ನಿಂತ. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಬೆನ್ನ ಹಿಂದಕ್ಕೆ ಹೋಗುತ್ತಿತ್ತು. ಅದನ್ನು ಎಳೆದು ತಂದು ಮುಂದಕ್ಕೆ ಚಾಚಿದ. "ಕೊಡಿ. ನಿಮ್ಮದೂ ಕೊಡಿ. ಮೊನ್ನೆ ಈ ಮಾತು ನನ್ನ ಬಾಯಲ್ಲಿ ಬರ್ಲಿಲ್ಲ, ನನ್ನ ಮೊಮ್ಮಗ ಸತ್ತ. ಕೊಡಿ."

ಚಪ್ಪರದ ಬಟ್ಟೆಯಡಿಯಿಂದ ತಲೆ ಹೊರಹಾಕಿದವರೆಲ್ಲ ಉಸಿರು ಹಿಡಿದರು. ದೊಡ್ಡ ಜಗಲಿಯವರ ಮುಖ ಕಪ್ಪಿಟ್ಟಿತು.

"ತೆರಿಗೆಯವನೇ!" ಅಂದರು, ಹಗ್ಗವನ್ನು ಎದೆಗೆ ಅವುಚಿಕೊಂಡು.

"ಹೂಂ," ಅಂದ ಬುಟ್ಟಿಯವನು. "ಕೊಡಿ."

ಅವರು ಕೊಡಲಿಲ್ಲ. ಅವರ ಹಿಂದಿದ್ದ ಎಮ್ಮೆಯವನೂ ಕೊಡಲಿಲ್ಲ, ಥೂ ಅಂತ ಉಗಿದು ಹೋದ. ಹಪ್ಪಳದಜ್ಜಿ ಮಾತ್ರ ಮೈಮೇಲಿನ ಧೂಳು ಕೊಡವುತ್ತಾ, ಅವನ ಏಳು ತಲೆಮಾರನ್ನೂ ಶಪಿಸುತ್ತಾ ಬಂದು, ತನ್ನ ಸುರುಳಿಯನ್ನು ಅವನ ಎದೆಗೆ ಎಸೆದಳು. "ತಗೋ, ಹಾಳಾಗ್ಹೋಗು. ನಡು ನೀರಿಗೇ ಹಾಕು ನನ್ನದನ್ನ. ಮುದುಕಿ ಸೀರೆ ಬೇಲಿ ಮೇಲೂ ಒಣಗುತ್ತೆ."

ಅವನು ಎರಡನ್ನೂ ಸೇರಿಸಿ ಗಂಟು ಹಾಕಿದ. ಆಮೇಲೆ ಊರೊಳಗೆ ನಡೆದು, ಮೊದಲ ಮನೆಯ ಮುಂದೆ ಕೈ ಚಾಚಿ ನಿಂತ. ಆ ಮನೆಯವರು ಬಾಗಿಲು ಹಾಕಿಕೊಂಡು ಒಳಗಿನಿಂದ ಅಗುಳಿ ಜಡಿದರು. ಅವನು ಹೊಸ್ತಿಲ ಮೇಲೇ ಕೂತ.